ಒಕ್ಕಲಿಗರ ಕಂಪನಿಗೆ ಎಂಥ ಕಾರಭಾರಿ ಬೇಕು?

(ಬೈಲಹೊಂಗಲ, ಕಿತ್ತೂರ, ಸವದತ್ತಿ, ರಾಮದುರ್ಗ ತಾಲೂಕುಗಳ ಊರ ಹಿರಿಯರಿಗೂ ಜಮೀನುದಾರರಿಗೂ)

ಬೆಳಗಾವಿ ಜಿಲ್ಹೆಯ ಬೈಲಹೊಂಗಲ, ಕಿತ್ತೂರ, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳು ಮಲಪ್ರಭೆಯ ಸೀಮೆಗೆ ಸೇರಿದವುಗಳಾಗಿವೆ. ಪಶ್ಚಿಮಕ್ಕೆ ಕಿತ್ತೂರಿನ ಕಡೆಗೆ ಮಳೆ ಹೆಚ್ಚು. ಅಲ್ಲಿ ಬತ್ತ, ಕಬ್ಬು, ಸೋಯಾ ಅವರೆಗಳು ಬೆಳೆಯುವವು. ಬೈಲಹೊಂಗಲದ ಎರೆಭೂಮಿಯು ಹತ್ತಿಗೆ ಹೆಸರಾದದ್ದು. ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆಯಾಗಿ ಸವದತ್ತಿ ರಾಮದುರ್ಗಗಳಲ್ಲಿ ಜೋಳ, ಕಡಲೆ, ಗೋವಿನಜೋಳಗಳ ಬೆಳೆಯು ಮುಖ್ಯವಾಗುವದು. ಬೆಳೆಯುವ ಕೆಲಸದಲ್ಲಿ ಈ ಸೀಮೆಯ ಒಕ್ಕಲಿಗನು ಯಾರಿಗೂ ಕಡಿಮೆಯಲ್ಲ. ಆದರೆ ಬೆಳೆದುದನ್ನು ಚಕ್ಕಡಿಯಲ್ಲಿಯೋ ಟ್ರ್ಯಾಕ್ಟರಿನಲ್ಲಿಯೋ ಹೇರಿಕೊಂಡು ಪೇಟೆಗೆ ಹೋದಾಗ ಅವನು ಒಂಟಿಯಾಗುತ್ತಾನೆ. ಹತ್ತು ಚೀಲದ ಮಾಲಿನವನ ಮಾತನ್ನು ಕೊಳ್ಳುವವನು ಕೇಳುವದಿಲ್ಲ. ಸಾವಿರ ಚೀಲದ ಮಾಲಿನವನ ಮಾತನ್ನು ಕೇಳುತ್ತಾನೆ.

ಈ ಕೊರತೆಯನ್ನು ನೀಗಿಸುವದಕ್ಕಾಗಿಯೇ ಒಕ್ಕಲಿಗರು ಕೂಡಿ ತಮ್ಮದೇ ಆದ ಕಂಪನಿಯನ್ನು ಕಟ್ಟುವ ಪದ್ಧತಿಯು ಬಂದಿದೆ. ಇದಕ್ಕೆ ಉತ್ಪಾದಕರ ಕಂಪನಿಯೆಂದು ಹೆಸರು. ಹಿಂದಿನ ಕಂಪನಿ ಕಾಯಿದೆಗೆ ೨೦೦೨ರಲ್ಲಿ ಮಾಡಿದ ತಿದ್ದುಪಡಿಯಿಂದ ಇದಕ್ಕೆ ಅವಕಾಶ ದೊರೆಯಿತು. ೨೦೨೦ರ ತಿದ್ದುಪಡಿಯಿಂದ ಅದೇ ನಿಯಮಗಳು ೨೦೧೩ರ ಕಂಪನಿ ಕಾಯಿದೆಯಲ್ಲಿ ಸೇರಿದವು. ೨೦೨೦ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರವು ದೇಶದಲ್ಲಿ ೧೦,೦೦೦ ಇಂಥ ಸಂಸ್ಥೆಗಳನ್ನು ಕಟ್ಟುವ ಯೋಜನೆಯನ್ನು ಆರಂಭಿಸಿತು. ಆರಂಭವಾದಾಗಿನ ಅದರ ನಿಯಮಗಳ ಪ್ರಕಾರ ಬಯಲುಸೀಮೆಯಲ್ಲಿ ಒಂದು ಸಂಸ್ಥೆಗೆ ಕನಿಷ್ಠ ೩೦೦ ಸದಸ್ಯರಿರಬೇಕಾಗಿತ್ತು; ಮೂರು ವರ್ಷಗಳ ಆಡಳಿತ ವೆಚ್ಚಕ್ಕೆಂದು ಒಟ್ಟು ೧೮ ಲಕ್ಷ ರೂಪಾಯಿಗಳವರೆಗೆ ಸಹಾಯವು ದೊರೆಯುತ್ತಿತ್ತು; ಸದಸ್ಯರು ಹಾಕಿದ ಶೇರು ಹಣಕ್ಕೆ ಸರಿಯಾಗಿ ೧೫ ಲಕ್ಷ ರೂಪಾಯಿಗಳ ಮಿತಿಯೊಳಗೆ ಸರಕಾರವೂ ಹಣ ಕೂಡಿಸುತ್ತಿತ್ತು.

ಇಂಥ ಕಂಪನಿಯು ನೋಂದಣಿಯಾದ ಕೂಡಲೆ ಹಿರಿಯರ ಮುಂದೆ ಬರುವ ಮೊದಲನೆಯ ದೊಡ್ಡ ಪ್ರಶ್ನೆಯೆಂದರೆ ಅದರ ಕಾರಭಾರವನ್ನು ಯಾರ ಕೈಗೆ ಒಪ್ಪಿಸಬೇಕು ಎಂಬದು. ಆಗ ಬಹುಮಂದಿಯ ಬಾಯಲ್ಲಿ ಒಂದೇ ಬಗೆಯ ಹೆಸರು ಬರುವದು: ಪೇಟೆ ಬಲ್ಲವನು. ಅಡತಿ ಅಂಗಡಿಯಲ್ಲಿ ನಾಲ್ಕಾರು ವರ್ಷ ಪಳಗಿದವನು. ಇಲ್ಲವೆ ಬೀಜ-ಗೊಬ್ಬರದ ವ್ಯಾಪಾರದಲ್ಲಿ ಊರೂರು ತಿರುಗಿ ಮಾಲು ಹಾಕಿದವನು. ಕೊಳ್ಳಲೊಲ್ಲೆನೆಂದವನಿಗೂ ಮಾತಿನಿಂದ ಮಾರಿ ಬಂದವನು. ಬಾಯಿದ್ದವನು ಬರಗಾಲದಲ್ಲಿಯೂ ಬದುಕುವನೆಂಬ ಗಾದೆಯನ್ನು ಮುಂದೆ ಮಾಡಿ, ಇಂಥವನೇ ನಮ್ಮ ಕಂಪನಿಯನ್ನು ಬದುಕಿಸುವನೆಂದು ಹೇಳುವರು.

ಈ ಮಾತಿನಲ್ಲಿ ಅರ್ಧ ನಿಜವಿದೆ. ಅದರಿಂದಲೇ ಅದು ಅಪಾಯದ್ದು. ಕಾರಹುಣ್ಣಿವೆಯ ದಿನ ಎಲ್ಲವನ್ನೂ ಹಿಂದೆ ಹಾಕಿ ಕರಿ ಹರಿದ ಹೋರಿಗೆ ಊರೇ ಹೂಮಾಲೆ ಹಾಕುವದು. ಆದರೆ ಮೃಗಶಿರದ ಮಳೆ ಬಿದ್ದ ಮೇಲೆ ಕೂರಿಗೆಗೆ ಹೂಡಲು ಒಕ್ಕಲಿಗನು ಬೇರೆ ಎತ್ತನ್ನೇ ಹುಡುಕುತ್ತಾನೆ. ಸಾಲು ತಪ್ಪದೆ, ಅವಸರ ಮಾಡದೆ, ಬೆಳಗಿನಿಂದ ಸಂಜೆಯವರೆಗೆ ಒಂದೇ ನಡೆಯಲ್ಲಿ ನಡೆಯುವ ಎತ್ತು ಬಿತ್ತಿಗೆಗೆ ಬೇಕು. ಎರಡೂ ಒಳ್ಳೆಯ ದನಗಳೇ, ಕೆಲಸ ಬೇರೆ.

ಕಾಯಿದೆಯು ಏನು ಹೇಳುವದು

ಉತ್ಪಾದಕರ ಕಂಪನಿಗೆ ೫ಕ್ಕೆ ಕಡಿಮೆಯಿಲ್ಲದೆ ೧೫ಕ್ಕೆ ಹೆಚ್ಚಿಲ್ಲದೆ ನಿರ್ದೇಶಕರಿರಬೇಕೆಂದೂ, ಅವರು ಪೂರ್ಣವೇಳೆಯ ಒಬ್ಬ ಮುಖ್ಯ ಕಾರ್ಯನಿರ್ವಾಹಕನನ್ನು ನೇಮಿಸಬೇಕೆಂದೂ ಕಾಯಿದೆಯು ವಿಧಿಸಿದೆ. ಈತನು ಕಂಪನಿಯ ಸದಸ್ಯನಾಗಿರಕೂಡದು. ಅಂದರೆ ತನ್ನ ಮಾಲನ್ನು ಕಂಪನಿಗೆ ಹಾಕುವವನೇ ಅದರ ತೂಕ ಮಾಡುವವನಾಗಬಾರದು. ಈತನ ಅರ್ಹತೆಯೇನಿರಬೇಕೆಂಬದನ್ನು ಕಾಯಿದೆಯು ನಿರ್ದೇಶಕರಿಗೇ ಬಿಟ್ಟಿದೆ. ಆದುದರಿಂದ ಆಯ್ಕೆಯು ಕೆಟ್ಟರೆ ಹೊಣೆಯೂ ಅವರದೇ ಆಗುವದು.

ಈತನು ಮಾಡಬೇಕಾದ ಕೆಲಸಗಳನ್ನು ಕಾಯಿದೆಯು ಒಂದೊಂದಾಗಿ ಎಣಿಸಿದೆ. ದಿನನಿತ್ಯದ ಆಡಳಿತವನ್ನು ನಡೆಸುವದು, ಬ್ಯಾಂಕಿನ ವ್ಯವಹಾರ ಮಾಡುವದು, ಕಂಪನಿಯ ನಗದನ್ನೂ ಆಸ್ತಿಯನ್ನೂ ಭದ್ರವಾಗಿಡುವ ಏರ್ಪಾಡು ಮಾಡುವದು, ಲೆಕ್ಕಪತ್ರಗಳನ್ನು ಸರಿಯಾಗಿಡಿಸುವದು, ವಾರ್ಷಿಕ ಲೆಕ್ಕವನ್ನು ಸಿದ್ಧಪಡಿಸಿ, ತಪಾಸಣೆ ಮಾಡಿಸಿ, ನಿರ್ದೇಶಕರ ಮುಂದೆಯೂ ವಾರ್ಷಿಕ ಸಭೆಯ ಮುಂದೆಯೂ ಇಡುವದು, ಕಂಪನಿಯ ಕೆಲಸಕಾರ್ಯಗಳ ವಿಷಯವಾಗಿ ಸದಸ್ಯರಿಗೆ ಕಾಲಕಾಲಕ್ಕೆ ತಿಳುವಳಿಕೆ ಕೊಡುವದು, ಕೆಲಸಗಾರರನ್ನು ನೇಮಿಸುವದು, ಗುರಿಗಳನ್ನು ಗೊತ್ತುಮಾಡುವದರಲ್ಲಿ ನಿರ್ದೇಶಕರಿಗೆ ನೆರವಾಗುವದು. ಊರ ಹಿರಿಯರು ಈ ಯಾದಿಯನ್ನು ಒಮ್ಮೆ ಶಾಂತವಾಗಿ ಓದಿಸಿ ಕೇಳಬೇಕು. ಮಾರಾಟವೆಂಬ ಶಬ್ದವು ಇದರಲ್ಲಿ ಬೇರೆಯಾಗಿ ಬಂದಿಲ್ಲ. ಮಾರಾಟವು ಬೇಡವೆಂದು ಇದರ ಅರ್ಥವಲ್ಲ. ಅದು ದಿನದ ವ್ಯವಹಾರದ ಒಂದು ಅಂಗ ಮಾತ್ರ. ಉಳಿದ ಅಂಗಗಳೆಲ್ಲ ಕಾಯುವ, ಬರೆಯುವ, ತೋರಿಸುವ ಕೆಲಸಗಳು.

ಇನ್ನೊಂದು ನಿಯಮವನ್ನು ಜಮೀನುದಾರರು ವಿಶೇಷವಾಗಿ ಲಕ್ಷದಲ್ಲಿಡಬೇಕು. ಕಾಯಿದೆಗೆ ಅಥವಾ ಕಂಪನಿಯ ನಿಯಮಾವಳಿಗೆ ವಿರುದ್ಧವಾದ ಠರಾವಿಗೆ ನಿರ್ದೇಶಕರು ಕೈಯೆತ್ತಿ, ಅದರಿಂದ ಕಂಪನಿಗೆ ಹಾನಿಯಾದರೆ, ಆ ಹಾನಿಯನ್ನು ಅವರು ಕೂಡಿಯೂ ಒಬ್ಬೊಬ್ಬರಾಗಿಯೂ ತುಂಬಿಕೊಡಬೇಕಾಗುವದು. ಮಾತುಗಾರ ಕಾರಭಾರಿಯು ತಂದಿಟ್ಟ ಕಾಗದಕ್ಕೆ ಓದದೆ ಸಹಿ ಮಾಡುವ ಗೌಡರು ತಮ್ಮ ಹೊಲದ ಮೇಲೆಯೇ ಸಹಿ ಮಾಡಿದಂತಾದೀತು.

ಹೆಚ್ಚಿನ ದರವು ಹೆಚ್ಚಿನ ಲಾಭವಲ್ಲ

ಪೇಟೆಯಲ್ಲಿ ಮಾರುವವನನ್ನು ಜನರು ಅವನು ತಂದ ದರದಿಂದ ಅಳೆಯುತ್ತಾರೆ. ಆದರೆ ಕಂಪನಿಯ ಕಾರಭಾರಿಯು ದರವನ್ನಲ್ಲ, ಕೈಗೆ ಉಳಿದ ಹಣವನ್ನು ನೋಡಬೇಕಾಗುವದು. ಈ ಎರಡರ ಅಂತರವು ತಿಳಿಯುವಂತೆ ಕೆಳಗೆ ಒಂದು ಲೆಕ್ಕವನ್ನು ಕೊಟ್ಟಿದೆ. ಇದರಲ್ಲಿಯ ದರಗಳು ಉದಾಹರಣೆಗಾಗಿ ಇಟ್ಟುಕೊಂಡವುಗಳು, ಪೇಟೆಯ ದರಗಳಲ್ಲ.

ಒಂದು ಕಂಪನಿಯು ಸದಸ್ಯರಿಂದ ೫೦೦ ಕ್ವಿಂಟಲ ಹತ್ತಿಯನ್ನು ಕೂಡಿಸಿ, ಬ್ಯಾಂಕಿನಿಂದ ಸಾಲ ತಂದು ಅವರಿಗೆ ಕೂಡಲೆ ಹಣ ಕೊಟ್ಟಿದೆಯೆಂದು ತಿಳಿಯೋಣ. ಸಮೀಪದ ಪೇಟೆಯಲ್ಲಿ ಕ್ವಿಂಟಲಿಗೆ ೭,೦೦೦ ರೂಪಾಯಿಗಳಂತೆ ರೊಕ್ಕದ ಗಿರಾಕಿಯಿದ್ದಾನೆ. ಮಾರಾಟದಲ್ಲಿ ಚತುರನಾದ ಕಾರಭಾರಿಯು ದೂರದ ಗಿರಣಿಯೊಂದಕ್ಕೆ ಹೋಗಿ ೭,೨೫೦ ರೂಪಾಯಿಗಳ ದರವನ್ನು ಕುದುರಿಸಿ ಬರುತ್ತಾನೆ. ಹಣಕ್ಕೆ ಮೂರು ತಿಂಗಳ ವಾಯಿದೆ, ಸಾಗಾಟವು ಕಂಪನಿಯದು. ಸಭೆಯಲ್ಲಿ ಅವನಿಗೆ ಹಾರ ಬೀಳುವದು. ಈಗ ಲೆಕ್ಕವನ್ನು ನೋಡಬೇಕು.

ಸಮೀಪದ ಪೇಟೆಯ ಉತ್ಪನ್ನ: ೩೫,೦೦,೦೦೦ ರೂ.
ದೂರದ ಗಿರಣಿಯ ಉತ್ಪನ್ನ: ೩೬,೨೫,೦೦೦ ರೂ.
ಹೆಚ್ಚಾಗಿ ಕಂಡದ್ದು: ೧,೨೫,೦೦೦ ರೂ.
ಸಾಗಾಟ, ಕ್ವಿಂಟಲಿಗೆ ೧೦೦ ರೂ. ಪ್ರಕಾರ: ೫೦,೦೦೦ ರೂ.
೩೫ ಲಕ್ಷಕ್ಕೆ ಶೇಕಡಾ ೧೨ರಂತೆ ಮೂರು ತಿಂಗಳ ಬಡ್ಡಿ: ೧,೦೫,೦೦೦ ರೂ.
ಹಸಿ, ಕಸವೆಂದು ಗಿರಣಿಯವರು ಮುರಿದುಕೊಂಡದ್ದು ಶೇಕಡಾ ೧: ೩೬,೨೫೦ ರೂ.
ಒಟ್ಟು ಖರ್ಚು: ೧,೯೧,೨೫೦ ರೂ.
ನಿಜವಾಗಿ ಆದ ಹಾನಿ: ೬೬,೨೫೦ ರೂ.

ಹೆಚ್ಚಿನ ದರಕ್ಕೆ ಮಾರಿದುದರಿಂದ ಕಂಪನಿಯು ೬೬,೨೫೦ ರೂಪಾಯಿಗಳನ್ನು ಕಳೆದುಕೊಂಡಿತು. ಗಿರಣಿಯವರು ವಾಯಿದೆಗೆ ಸರಿಯಾಗಿ ಹಣ ಕೊಟ್ಟರೆ ಮಾತ್ರ ಹಾನಿಯು ಇಷ್ಟಕ್ಕೇ ನಿಲ್ಲುವದು. ಕೊಡದೆ ಹೋದರೆ ೩೬ ಲಕ್ಷವೂ ತೂಗಾಡುವದು. ಮುನ್ನೂರು ಮನೆಗಳ ಶೇರು ಹಣವು ಅದರೊಡನೆ ಹೋಗುವದು. ಮಾರಿದವನು ಮೋಸ ಮಾಡಲಿಲ್ಲ, ಸುಳ್ಳು ಹೇಳಲಿಲ್ಲ. ಅವನು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದನು. ಆದರೆ ಕಾರಭಾರಿಯ ಕೆಲಸವನ್ನು ಯಾರೂ ಮಾಡಲಿಲ್ಲ. ಮಾರುವ ಉತ್ಸಾಹವನ್ನು ತಡೆದು ಲೆಕ್ಕ ಕೇಳುವವನು ಒಬ್ಬನಿರಬೇಕು. ಮಾರುವವನೂ ಕೇಳುವವನೂ ಒಬ್ಬನೇ ಆದರೆ ಕೇಳುವವನು ಸುಮ್ಮನಿರುವದೇ ಸ್ವಾಭಾವಿಕ.

ದರದ ಮಾತಿಗೆ ಕಾಣದ ಇನ್ನೊಂದು ಲಾಭವು ಅರಳೆಯ ಪ್ರಮಾಣದ್ದು. ಹತ್ತಿಯನ್ನು ಗಿರಣಿಗೆ ಹಾಕಿಸಿ ಅರಳೆಯನ್ನೂ ಕಾಳನ್ನೂ ಬೇರೆ ಬೇರೆ ಮಾರುವ ಕಂಪನಿಯಲ್ಲಿ, ಪ್ರತಿಯೊಂದು ರಾಶಿಯಿಂದ ಎಷ್ಟು ಅರಳೆ ಬಂತೆಂಬದನ್ನು ತೂಗಿ ಬರೆದಿಡಬೇಕು. ೫೦೦ ಕ್ವಿಂಟಲ ಹತ್ತಿಯಲ್ಲಿ ಅರಳೆಯು ಶೇಕಡಾ ೧ರಷ್ಟು ಕಡಿಮೆ ಬಂದರೂ ೫ ಕ್ವಿಂಟಲ, ಎಂದರೆ ೧೭೦ ಕಿಲೋಗ್ರಾಮಿನ ಸುಮಾರು ಮೂರು ಬೇಲುಗಳಷ್ಟು ಅರಳೆಯು ಕಾಣೆಯಾದಂತೆಯೇ ಸರಿ. ಇದನ್ನು ಕಂಡುಹಿಡಿಯುವವನು ಗಿರಣಿಯ ಧೂಳಿನಲ್ಲಿ ತಕ್ಕಡಿಯ ಹತ್ತಿರ ನಿಲ್ಲಬೇಕು. ಪೇಟೆಯ ಅಂಗಡಿಯಲ್ಲಿ ಚಹಾ ಕುಡಿಯುತ್ತ ಕುಳಿತವನಿಗೆ ಇದು ಕಾಣದು.

ಮಾತಿನಿಂದ ಕೆಟ್ಟ ಹತ್ತಿಯ ಹೆಸರು

ಈ ಸೀಮೆಯ ಹತ್ತಿಯ ಇತಿಹಾಸವೇ ಇದಕ್ಕೆ ಸಾಕ್ಷಿಯಾಗಿದೆ. ಉಗಿಬಂಡಿಯು ಬರುವ ಮುಂಚೆ ಈ ಭಾಗದ ಹತ್ತಿಯನ್ನು ಎತ್ತುಗಳ ಮೇಲೂ ಬಂಡಿಗಳಲ್ಲಿಯೂ ಹೇರಿ, ಘಟ್ಟ ಇಳಿಸಿ, ಕುಮಟೆಯ ಬಂದರದಿಂದ ಮುಂಬಯಿಗೆ ಕಳಿಸುತ್ತಿದ್ದರು. ಆದುದರಿಂದಲೇ ಇದಕ್ಕೆ ಕುಮಟಾ ಹತ್ತಿಯೆಂಬ ಹೆಸರು ಬಂತು. ೧೮೬೧ರಿಂದ ೧೮೬೫ರವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧವು ನಡೆದಾಗ ಅಲ್ಲಿಯ ಹತ್ತಿಯು ವಿಲಾಯತಿಯ ಗಿರಣಿಗಳಿಗೆ ಬಾರದಂತಾಯಿತು. ಹಿಂದುಸ್ಥಾನದ ಹತ್ತಿಗೆ ಎಂದೂ ಕಾಣದ ದರ ಬಂತು. ಏನು ಕೊಟ್ಟರೂ ಮಾರುವಂಥ ಕಾಲವದು. ಮಾರುವವರು ಅರಳೆಯಲ್ಲಿ ಕಾಳು, ಕಸ, ಮಣ್ಣುಗಳನ್ನು ಕೂಡಿಸಿದರು. ತೂಕಕ್ಕೆಂದು ನೀರು ಚಿಮುಕಿಸಿದರು. ಒಳ್ಳೆಯ ಜಾತಿಯಲ್ಲಿ ಹೀನ ಜಾತಿಯನ್ನು ಬೆರೆಸಿದರು. ಕಡೆಗೆ ಮುಂಬಯಿ ಸರಕಾರವು ೧೮೬೩ರಲ್ಲಿ ಹತ್ತಿಯ ಮೋಸವನ್ನು ತಡೆಯುವದಕ್ಕಾಗಿಯೇ ಒಂದು ಕಾಯಿದೆಯನ್ನು ಮಾಡಬೇಕಾಯಿತು. ಅಷ್ಟರಿಂದ ರೋಗವು ಹೋಗಲಿಲ್ಲ. ಅರವತ್ತು ವರ್ಷಗಳ ಮೇಲೆ, ಹೀನ ಹತ್ತಿಯನ್ನು ಒಳ್ಳೆಯ ಹತ್ತಿಯ ಸೀಮೆಗೆ ತಂದು ಬೆರೆಸದಂತೆ ೧೯೨೩ರ ಸಾಗಾಟದ ಕಾಯಿದೆಯೂ, ಗಿರಣಿಗಳ ಮೇಲೆ ನಿಗಾ ಇಡುವ ೧೯೨೫ರ ಕಾಯಿದೆಯೂ ಬರಬೇಕಾದವು. ಒಂದು ಸುಗ್ಗಿಯ ಮಾರಾಟದ ಜಾಣತನಕ್ಕೆ ಒಕ್ಕಲಿಗರ ಎರಡು ಮೂರು ತಲೆಮಾರುಗಳು ದಂಡ ತೆತ್ತವು. ಯಾತಕ್ಕೆಂದರೆ ಹೆಸರು ಕೆಟ್ಟ ಸರಕಿಗೆ ಕೊಳ್ಳುವವನು ಮೊದಲೇ ದರವನ್ನು ಇಳಿಸಿಯೇ ಮಾತಾಡುವನು.

ಅದೇ ಹತ್ತಿಯ ಹಣವು ಮುಂಬಯಿಯಲ್ಲಿ ಮಾಡಿದ ಅನರ್ಥವೂ ಅಷ್ಟೇ ಬೋಧಪ್ರದವಾಗಿದೆ. ಹತ್ತಿಯ ಮತ್ತು ಶೇರುಗಳ ದಲಾಲಿಯಲ್ಲಿ ಆ ಕಾಲದಲ್ಲಿ ಪ್ರೇಮಚಂದ ರಾಯಚಂದರ ಸರಿಸಮಾನರು ಯಾರೂ ಇರಲಿಲ್ಲ. ಅವರು ಹೇಳಿದ ಶೇರನ್ನು ಕೊಳ್ಳಲು ಜನರು ಮುಗಿಬೀಳುತ್ತಿದ್ದರು. ಅವರ ಪ್ರಭಾವವು ಬ್ಯಾಂಕುಗಳ ಕಾರಭಾರದೊಳಗೂ ಹೊಕ್ಕಿತು. ಬಾಂಬೆ ಬ್ಯಾಂಕು ಭದ್ರತೆಯನ್ನು ಸರಿಯಾಗಿ ನೋಡದೆ ಶೇರುಗಳ ಮೇಲೆ ಸಾಲ ಕೊಡುತ್ತ ಹೋಯಿತು. ೧೮೬೫ರಲ್ಲಿ ಯುದ್ಧವು ಮುಗಿದು ಹತ್ತಿಯ ದರ ಬಿದ್ದಿತು. ಶೇರುಗಳು ಕಾಗದದ ಚೂರುಗಳಾದವು. ಬಾಂಬೆ ಬ್ಯಾಂಕು ಬಂಡವಲನ್ನು ಕಳೆದುಕೊಂಡು ೧೮೬೮ರಲ್ಲಿ ಮುಚ್ಚಿತು. ಪ್ರೇಮಚಂದರು ದುಷ್ಟರಾಗಿರಲಿಲ್ಲ, ಮುಂಬಯಿ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರವು ಅವರ ದಾನದಿಂದಲೇ ಎದ್ದುದು. ಅವರ ಕೌಶಲ್ಯವು ಕೊಳ್ಳುವವರ ಮನಸ್ಸನ್ನು ಗೆಲ್ಲುವದಾಗಿತ್ತು. ಬ್ಯಾಂಕಿಗೆ ಬೇಕಾದದ್ದು ಬೇಡವೆನ್ನಬಲ್ಲವರು.

ನಿಂತ ಸಂಸ್ಥೆಗಳು ನಿಂತ ಬಗೆ

ಇನ್ನು ಒಕ್ಕಲಿಗರ ಸಂಸ್ಥೆಗಳಲ್ಲಿ ಗಟ್ಟಿಯಾಗಿ ಬೇರೂರಿದವುಗಳನ್ನು ನೋಡೋಣ. ಗದಗ ತಾಲೂಕಿನ ಕಣಗಿನಹಾಳದಲ್ಲಿ ೧೯೦೫ರಲ್ಲಿ ಹುಟ್ಟಿದ ಕೃಷಿ ಪತ್ತಿನ ಸಹಕಾರಿ ಸಂಘವು ದೇಶದಲ್ಲಿಯೇ ಮೊದಲನೆಯದೆಂದು ಪ್ರಸಿದ್ಧವಾಗಿದೆ. ಅದನ್ನು ಕಟ್ಟಿದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರ ಗೌಡರು, ವ್ಯಾಪಾರಿಗಳಲ್ಲ. ಅವರ ಸಂಘಕ್ಕೆ ಮಾರುವ ಸರಕೇ ಇರಲಿಲ್ಲ. ಸದಸ್ಯರಿಗೆ ಸಾಲ ಕೊಟ್ಟು ತಿರುಗಿ ಪಡೆಯುವದೇ ಅದರ ಕೆಲಸ. ಅದಕ್ಕೆ ಬೇಕಾದ ಬಂಡವಲು ಊರಿನ ನಂಬಿಗೆ.

ಗುಜರಾತದ ಖೇಡಾ ಜಿಲ್ಹೆಯ ಹಾಲು ಉತ್ಪಾದಕರ ಸಂಘವು ೧೯೪೬ರಲ್ಲಿ ಆರಂಭವಾಯಿತು. ಇಂದು ಮನೆಮನೆಗೂ ಗೊತ್ತಿರುವ ಅಮುಲ್ ಎಂಬ ಹೆಸರು ಅದರದೇ. ಅಲ್ಲಿ ಮೂವರ ಶಕ್ತಿಯು ಕೂಡಿತ್ತು. ಅಧ್ಯಕ್ಷರಾದ ತ್ರಿಭುವನದಾಸ ಪಟೇಲರ ಮಾತನ್ನು ಹಳ್ಳಿಯ ಜನರು ನಂಬುತ್ತಿದ್ದರು. ೧೯೪೯ರಲ್ಲಿ ಆನಂದಕ್ಕೆ ಬಂದ ವರ್ಗೀಸ ಕುರಿಯನ್ನರು ಓದಿದ್ದು ಯಂತ್ರಶಾಸ್ತ್ರವನ್ನು. ಅವರು ಮಾರಾಟಗಾರರಾಗಿ ಬಂದವರಲ್ಲ. ಎಚ್. ಎಂ. ದಲಾಯರು ಎಮ್ಮೆಯ ಹಾಲಿನಿಂದ ಪುಡಿ ಮಾಡುವ ವಿಧಾನವನ್ನು ಸಾಧಿಸಿದರು. ಹೊತ್ತಿಗೆ ಸರಿಯಾಗಿ ಹಾಲನ್ನು ಅಳೆದು, ಕೊಬ್ಬಿನ ಪ್ರಮಾಣವನ್ನು ಪರೀಕ್ಷಿಸಿ, ಅದರಂತೆ ತಪ್ಪದೆ ಹಣ ಕೊಡುವ ಕ್ರಮವು ಮೊದಲು ನಿಂತಿತು. ಬೆಣ್ಣೆಯ ಜಾಹೀರಾತಿನ ಪುಟ್ಟ ಹುಡುಗಿಯ ಚಿತ್ರವು ದೇಶಕ್ಕೆಲ್ಲ ಪರಿಚಿತವಾದದ್ದು ೧೯೬೬ರಿಂದ ಈಚೆಗೆ. ಆ ಕೆಲಸವನ್ನು ಜಾಹೀರಾತು ಬಲ್ಲವರಿಗೆ ಒಪ್ಪಿಸಲಾಗಿತ್ತು. ಮಾರಾಟದ ಜಾಣರಿಗೆ ಅಲ್ಲಿ ಮಾನವಿತ್ತು, ಸ್ಥಾನವಿತ್ತು. ಆದರೆ ಕಣಜದ ಕೀಲಿಕೈಯು ಅವರಲ್ಲಿರಲಿಲ್ಲ.

ನಮ್ಮ ನಾಡಿನಲ್ಲಿಯೇ ಮಂಗಳೂರಿನ ಕ್ಯಾಂಪ್ಕೊ ಸಂಸ್ಥೆಯನ್ನು ನೋಡಬಹುದು. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆಯ ದರವು ಕುಸಿದು ತೋಟಿಗರು ಕಂಗೆಟ್ಟಾಗ, ೧೯೭೩ರಲ್ಲಿ ಕರ್ನಾಟಕ-ಕೇರಳಗಳ ಅಡಿಕೆ ಬೆಳೆಗಾರರಿಗಾಗಿ ಇದು ಸ್ಥಾಪನೆಯಾಯಿತು. ಇದರ ಸ್ಥಾಪಕ ಅಧ್ಯಕ್ಷರಾದ ವಾರಣಾಸಿ ಸುಬ್ರಾಯ ಭಟ್ಟರು ಸ್ವತಃ ಕೃಷಿಕರು. ಪೇಟೆ ಬಿದ್ದಾಗಲೂ ಬೆಳೆಗಾರನ ಕೈಬಿಡದೆ ಕೊಳ್ಳುವ ಸಂಸ್ಥೆಯೊಂದಿದೆಯೆಂಬ ಧೈರ್ಯವನ್ನು ಅದು ಹುಟ್ಟಿಸಿತು. ಮುಂದೆ ಕೋಕೋ ಬೆಳೆಗಾರರ ನೆರವಿಗಾಗಿ ಪುತ್ತೂರಿನಲ್ಲಿ ೧೯೮೬ರಲ್ಲಿ ಚಾಕೊಲೇಟಿನ ಕಾರಖಾನೆಯನ್ನು ತೆರೆಯಿತು. ಇಂಥ ಸಂಸ್ಥೆಗೆ ಮಾಲನ್ನು ದಾಸ್ತಾನು ಮಾಡುವ, ದರ್ಜೆ ಮಾಡುವ, ಬಂಡವಲನ್ನು ಹಿಡಿತದಲ್ಲಿಡುವ ಶಕ್ತಿಯು ಮೊದಲು. ಮಾರುವ ಶಕ್ತಿಯು ಅದರ ಜೊತೆಗೆ.

ಕಾರಭಾರಿಯನ್ನು ಪರೀಕ್ಷಿಸುವ ಕ್ರಮ

ಹಾಗಾದರೆ ಹಿರಿಯರು ಕಾರಭಾರಿಯನ್ನು ಹೇಗೆ ಆರಿಸಬೇಕು? ಮಾತನ್ನು ಕೇಳಿ ಆರಿಸಿದರೆ ಮಾತುಗಾರನೇ ಗೆಲ್ಲುವನು. ಆದುದರಿಂದ ಕೆಲಸವನ್ನು ಕೊಟ್ಟು ನೋಡಬೇಕು.

೧. ಲೆಕ್ಕ.— ಮೂರು ದಿನಗಳ ಖರೀದಿ, ಮಾರಾಟ, ಉದ್ರಿ, ಸಾಗಾಟಗಳ ಚೀಟಿಗಳನ್ನು ಕಲೆಸಿ ಅವನ ಮುಂದಿಟ್ಟು, ಕೈಯಲ್ಲಿ ನಗದು ಎಷ್ಟಿರಬೇಕು, ವಖಾರಿಯಲ್ಲಿ ಮಾಲು ಎಷ್ಟಿರಬೇಕು, ಯಾರಿಂದ ಎಷ್ಟು ಬರತಕ್ಕದ್ದಿದೆ ಎಂದು ಕೇಳಬೇಕು. ಲೆಕ್ಕವನ್ನು ಕಾರಕೂನನು ನೋಡಿಕೊಳ್ಳುವನೆಂದು ಉತ್ತರ ಕೊಡುವವನು ಈ ಕೆಲಸಕ್ಕೆ ತಕ್ಕವನಲ್ಲ.

೨. ಮಾಲು.— ಹತ್ತಿಯ ಕಾರ್ಪೊರೇಶನ್ನು ಬೆಂಬಲ ದರಕ್ಕೆ ಕೊಳ್ಳುವಾಗ ತೇವವು ಶೇಕಡಾ ೮ರೊಳಗಿದ್ದರೆ ಪೂರ್ತಿ ದರವನ್ನೂ, ೧೨ರವರೆಗೆ ಪ್ರಮಾಣದಂತೆ ಮುರಿದುಕೊಂಡ ದರವನ್ನೂ ಕೊಡುವದು; ಅದಕ್ಕೂ ಹೆಚ್ಚಾದರೆ ಕೊಳ್ಳುವದಿಲ್ಲ. ಸೋಯಾ ಅವರೆಯ ಬೀಜವು ನೂರಕ್ಕೆ ಕನಿಷ್ಠ ೭೦ ಮೊಳೆಯಬೇಕೆಂಬ ನಿಯಮವಿದೆ. ಅದರ ಸಿಪ್ಪೆಯು ತೆಳುವಾದುದರಿಂದ ಚೀಲವನ್ನು ಎತ್ತಿ ಒಗೆದರೂ ಮೊಳಕೆಯ ಶಕ್ತಿಯು ಕುಂದುವದು. ಮಾರಲು ತಂದ ಬೀಜವನ್ನು ನೂರು ಕಾಳು ಎಣಿಸಿ ಒದ್ದೆಯ ಗೋಣಿಯಲ್ಲಿ ಸುತ್ತಿಟ್ಟು, ಮೊಳೆತವುಗಳನ್ನು ಎಣಿಸಿದ ಮೇಲೆಯೇ ಸದಸ್ಯರಿಗೆ ಕೊಡುವನೋ, ಅಥವಾ ಚೀಲದ ಮೇಲಿನ ಚಿತ್ರವನ್ನು ತೋರಿಸಿ ಕೊಡುವನೋ ಎಂಬದನ್ನು ತಿಳಿಯಬೇಕು. ಮೊಳೆಯದ ಬೀಜವನ್ನು ಮಾರಿದರೆ ಒಂದು ಸಲ ಹಣ ಬರುವದು. ಆ ಹೊಲದವನು ಒಂದು ವರ್ಷದ ಅನ್ನ ಕಳೆದುಕೊಳ್ಳುವನು.

೩. ಬೇಡವೆನ್ನುವ ಧೈರ್ಯ.— ಇದು ಎಲ್ಲಕ್ಕೂ ಮಿಗಿಲಾದ ಪರೀಕ್ಷೆ. ಇದರಲ್ಲಿ ಹಿರಿಯರ ಪರೀಕ್ಷೆಯೂ ಅಡಗಿದೆ. ಸಣ್ಣ ಹಿಡುವಳಿಯ ಸದಸ್ಯನ ಹಸಿ ಹತ್ತಿಯನ್ನು ಒಣಗಿಸಿ ತಾರೆಂದು ತಿರುಗಿ ಕಳಿಸುವವನು, ಅದೇ ದಿನ ಗೌಡರ ಟ್ರ್ಯಾಕ್ಟರಿನಲ್ಲಿ ಬಂದ ಹಸಿ ಹತ್ತಿಯನ್ನೂ ಗೌಡರ ಎದುರಿಗೇ ತಿರುಗಿ ಕಳಿಸಬಲ್ಲನೇ? ಎಲ್ಲರನ್ನೂ ಮೆಚ್ಚಿಸುವದು ಮಾರುವವನ ಅಭ್ಯಾಸ. ಆ ಅಭ್ಯಾಸದವನಿಗೆ ಈ ಕೆಲಸವು ಕಠಿಣ. ಉತ್ಪಾದಕರ ಕಂಪನಿಯಲ್ಲಿ ಒಬ್ಬ ಸದಸ್ಯನಿಗೆ ಒಂದೇ ಮತ. ನೂರು ಎಕರೆಯವನಿಗೂ ಎರಡು ಎಕರೆಯವನಿಗೂ ಅದೇ. ತಕ್ಕಡಿಯೂ ಒಂದೇ ಆಗಿರಬೇಕು. ತಮ್ಮ ಮಾಲನ್ನು ತಿರುಗಿ ಕಳಿಸಿದ ಕಾರಭಾರಿಯನ್ನು ಮುಂದಿನ ಸಭೆಯಲ್ಲಿ ಕೆಲಸದಿಂದ ತೆಗೆಯಲು ಹೊರಡುವ ಹಿರಿಯರಿಗೆ ಒಳ್ಳೆಯ ಕಾರಭಾರಿಯು ಎಂದೂ ದೊರೆಯಲಾರನು.

೪. ಹಿಂದಿನ ನಡತೆ.— ಅವನಿಂದ ಕೊಂಡವರನ್ನಲ್ಲ, ಅವನ ಕೈಕೆಳಗೆ ದುಡಿದವರನ್ನು ಕೇಳಬೇಕು. ಹಮಾಲರಿಗೆ ಕೂಲಿಯನ್ನು ಹೊತ್ತಿಗೆ ಕೊಟ್ಟನೇ? ಬಿಟ್ಟು ಬಂದ ಅಂಗಡಿಯಲ್ಲಿ ಅವನ ಹೆಸರಿನಲ್ಲಿ ಉದ್ರಿ ನಿಂತಿದೆಯೇ? ಹಾನಿಯಾದ ವರ್ಷದ ವಿಷಯವನ್ನು ಕೇಳಿದಾಗ ಕಾರಣವನ್ನು ವಿವರಿಸುವನೇ, ಅಥವಾ ಪರರ ಮೇಲೆ ಹಾಕುವನೇ? ಗಂಡಸರನ್ನೇ ನೋಡಬೇಕೆಂಬ ನಿಯಮವೂ ಇಲ್ಲ. ಹಲವು ವರ್ಷ ಸ್ವಸಹಾಯ ಸಂಘದ ಲೆಕ್ಕವನ್ನು ಒಂದು ಪೈಸೆಯೂ ತಪ್ಪದೆ ಬರೆದ ಹೆಣ್ಣುಮಕ್ಕಳು ಹಳ್ಳಿಹಳ್ಳಿಗಳಲ್ಲಿದ್ದಾರೆ.

ಮಾರಬಲ್ಲವನಿಗೆ ತಕ್ಕ ಸ್ಥಾನ

ಇಷ್ಟು ಹೇಳಿದುದರಿಂದ ಮಾರಾಟದ ಕೌಶಲ್ಯವು ಕೀಳೆಂದು ತಿಳಿಯಬಾರದು. ವಖಾರಿಯು ಶುದ್ಧವಿದ್ದು, ಲೆಕ್ಕವು ಶುದ್ಧವಿದ್ದು, ಮಾಲು ಕೊಳ್ಳುವವರೇ ಇಲ್ಲದೆ ಬಿದ್ದು ಕಡಲೆಗೆ ಹುಳ ಹತ್ತಿದರೆ ಆ ಕಂಪನಿಯೂ ಕೆಟ್ಟಂತೆಯೇ. ಪೇಟೆಯ ನಾಡಿಯನ್ನು ತಿಳಿದವನು, ಯಾವ ಗಿರಣಿಗೆ ಎಂಥ ಹತ್ತಿ ಬೇಕೆಂಬದನ್ನು ಬಲ್ಲವನು ಕಂಪನಿಗೆ ಅಗತ್ಯವಾಗಿ ಬೇಕು. ಕಾರಭಾರಿಯಾದವನಿಗೂ ಮಾರಾಟದ ತಿಳುವಳಿಕೆಯಿರಬೇಕು. ಎರಡು ಗುಣಗಳೂ ಒಬ್ಬನಲ್ಲಿಯೇ ಕೂಡಿದ್ದರೆ ಅದು ಊರಿನ ಭಾಗ್ಯ. ಆದರೆ ಒಂದು ಗುಣವನ್ನು ಕಂಡು ಇನ್ನೊಂದು ಇದ್ದೇ ಇರುವದೆಂದು ನಂಬಬಾರದು.

ಆದುದರಿಂದ ಚತುರ ಮಾರಾಟಗಾರನನ್ನು ಮಾರಾಟದ ಕೆಲಸಕ್ಕೇ ನೇಮಿಸಿ, ಮೂರು ಕಟ್ಟುಗಳನ್ನು ಹಾಕುವದು ಉತ್ತಮ. ಮೊದಲನೆಯದಾಗಿ, ಉದ್ರಿಯ ಮಿತಿಯನ್ನು ನಿರ್ದೇಶಕರೇ ಗೊತ್ತುಮಾಡಿ, ಅದನ್ನು ಮೀರಿದ ಮಾರಾಟಕ್ಕೆ ಅವರ ಬರೆಹದ ಒಪ್ಪಿಗೆ ಬೇಕೆಂದು ವಿಧಿಸಬೇಕು. ಎರಡನೆಯದಾಗಿ, ಕಮಿಶನ್ನನ್ನು ಮಾಲು ಹೋದ ದಿನಕ್ಕಲ್ಲ, ಹಣವು ಕಂಪನಿಯ ಖಾತೆಗೆ ಬಂದ ದಿನಕ್ಕೆ ಕೊಡಬೇಕು. ಇದೊಂದರಿಂದಲೇ ಅವನು ಗಿರಾಕಿಯನ್ನು ಆರಿಸುವ ರೀತಿಯು ಬದಲಾಗುವದು. ಮೂರನೆಯದಾಗಿ, ಮಾರಿದವನೇ ಮಾಲನ್ನು ತೂಗಿ ಕೊಡುವದೂ ಹಣವನ್ನು ಎಣಿಸಿಕೊಳ್ಳುವದೂ ಆಗಬಾರದು.

ಇಬ್ಬರಿಗೆ ಸಂಬಳ ಕೊಡುವ ಶಕ್ತಿಯಿಲ್ಲದ ಸಣ್ಣ ಕಂಪನಿಯು ಕಾರಭಾರಿಯನ್ನು ಮೊದಲು ನೇಮಿಸಿ, ಮಾರಾಟಕ್ಕೆಂದು ನಿರ್ದೇಶಕರಲ್ಲಿಯೇ ಮೂವರ ಸಮಿತಿಯನ್ನು ಮಾಡಬಹುದು. ಬೈಲಹೊಂಗಲದ ಪೇಟೆಯನ್ನು ಜನ್ಮದಿಂದ ಬಲ್ಲ ಜಮೀನುದಾರರಿಗೆ ಈ ಕೆಲಸವು ಹೊಸದೇನಲ್ಲ. ಲೆಕ್ಕವನ್ನಿಡುವ ಕೆಲಸವನ್ನು ಮಾತ್ರ ಹೀಗೆ ಹಂಚಿಕೊಳ್ಳಲು ಬರುವದಿಲ್ಲ. ಅದಕ್ಕೆ ಒಬ್ಬನು ದಿನವೂ ಕುಳಿತಿರಬೇಕು.

ಕಾರಭಾರಿಯನ್ನು ನೇಮಿಸಿದ ಮೇಲೆ ಹಿರಿಯರ ಕೆಲಸವು ತೀರಿತೆಂದಲ್ಲ. ತಿಂಗಳಿಗೊಮ್ಮೆ ನಿರ್ದೇಶಕರು ಕೂಡಿ ನಗದು, ದಾಸ್ತಾನು, ಬಾಕಿದಾರರ ಯಾದಿ ಈ ಮೂರನ್ನ ನೋಡಬೇಕು. ಪುಸ್ತಕದಲ್ಲಿ ೪೦೦ ಚೀಲ ಕಡಲೆಯೆಂದಿದ್ದರೆ ವಖಾರಿಗೆ ಹೋಗಿ ಚೀಲಗಳನ್ನು ಎಣಿಸಬೇಕು. ಒಂದೆರಡನ್ನು ಬಿಚ್ಚಿ ನೋಡಬೇಕು. ಸದಸ್ಯನು ಹಾಕಿದ ಮಾಲಿನ ಬೆಲೆಯಲ್ಲಿ ಒಂದು ಭಾಗವನ್ನು ಆಗಲೇ ಕೊಟ್ಟು, ಉಳಿದುದನ್ನು ತಡೆಹಿಡಿದು ವರ್ಷದ ಕೊನೆಗೆ ಕೊಡಲು ಕಾಯಿದೆಯು ಅವಕಾಶ ಮಾಡಿದೆ. ಇದು ಕಂಪನಿಗೆ ದೊಡ್ಡ ಅನುಕೂಲ. ಆದರೆ ಸದಸ್ಯನು ತನ್ನ ಬೆವರಿನ ಹಣವನ್ನು ಕಂಪನಿಯಲ್ಲಿ ಬಿಟ್ಟುಹೋಗುವದು ಅದರ ಲೆಕ್ಕವನ್ನು ನಂಬಿದರೆ ಮಾತ್ರ. ಆ ನಂಬಿಗೆಯನ್ನು ಮಾತಿನಿಂದ ಒಂದು ವರ್ಷ ಪಡೆಯಬಹುದು; ಎರಡನೆಯ ವರ್ಷ ಲೆಕ್ಕವನ್ನೇ ತೋರಿಸಬೇಕಾಗುವದು.

ಸಾರಾಂಶ

(೧) ಕಾರಭಾರಿಯ ಆಯ್ಕೆಯಲ್ಲಿ ಮಾರಾಟದ ಜಾಣತನವು ಒಂದು ಗುಣವೆಂದು ಎಣಿಸಬೇಕು, ಅದೊಂದೇ ಸಾಲದು. (೨) ಲೆಕ್ಕ, ಮಾಲಿನ ಜ್ಞಾನ, ಬೇಡವೆನ್ನುವ ಧೈರ್ಯ, ಹಿಂದಿನ ನಡತೆ ಈ ನಾಲ್ಕನ್ನು ಕೆಲಸ ಕೊಟ್ಟು ಪರೀಕ್ಷಿಸಬೇಕು. (೩) ದರವನ್ನು ನೋಡದೆ, ಖರ್ಚು ಹೋಗಿ ಕೈಗೆ ಉಳಿದುದನ್ನು ನೋಡಬೇಕು. (೪) ಮಾರುವವನು, ತೂಗುವವನು, ಹಣ ಎಣಿಸುವವನು ಬೇರೆ ಬೇರೆಯಾಗಿರಬೇಕು. (೫) ಕಮಿಶನ್ನು ವಸೂಲಾದ ಹಣದ ಮೇಲೆ ಇರಬೇಕು. (೬) ಆರು ತಿಂಗಳ ಉಮೇದವಾರಿಯ ನಂತರವೇ ನೇಮಕವನ್ನು ಕಾಯಂ ಮಾಡಬೇಕು.

ಈ ಆಯ್ಕೆಯನ್ನು ಸುಗ್ಗಿಯ ಅವಸರದಲ್ಲಿ ಮಾಡಬಾರದು. ಹತ್ತಿಯು ಒಡೆಯುವದಕ್ಕೆ ಮುಂಚಿತವಾಗಿ, ಕೈಗೆ ಬಿಡುವಿರುವ ಕಾಲದಲ್ಲಿ ಹಿರಿಯರು ಕೂಡಿ ಈ ವಿಷಯವನ್ನು ನಿರ್ಣಯಿಸಿದರೆ, ಮಾಲು ಬರುವ ಹೊತ್ತಿಗೆ ತಕ್ಕಡಿಯ ಬಳಿಯಲ್ಲಿ ತಕ್ಕವನೇ ನಿಂತಿರುವನು.